ಹಾಸಿಗೆಯ ಈಶಾನ್ಯ ಮೂಲೆ

ಶ್ರೀಮಂತನಿಲ್ಲದ ಊರಿನಲ್ಲಿ ದೃಷ್ಟಾಂತ ಹುಟ್ಟುವುದಿಲ್ಲ. ಆದ್ದರಿಂದ ಈ ಊರಲ್ಲೂ ಒಬ್ಬ ಶ್ರೀಮಂತ ಇದ್ದ ಅಂತ ಇಟ್ಟುಕೊಳ್ಳಿ. ಯಾವ ಊರು ಅಂತ ಕೇಳಬೇಡಿ. ಹೆಸರು ಹೇಳಿದರೆ ಇದು ಇನ್ಯಾರದೋ ಕಥೆ ಅಂದುಕೊಂಡು ನೀವೆಲ್ಲ ಆರಾಮಾಗಿ ಕೂತುಬಿಡುತ್ತೀರಿ.

ಕೇಳಿಸಿತಾ ಈ ಶಬ್ದ? ಚರ್ ಅಂತ? ಅದು ನನ್ನದಲ್ಲ, ಕುರ್ಚಿಯದು. ನಮ್ಮ ಸಮಿತಿಯ ಅಧ್ಯಕ್ಷರಾದ ಚನ್ನಮಲ್ಲಪ್ಪನವರು ಪ್ರವಚನಕ್ಕೆಂದು ಮಕಮಲ್ಲಿನ ಹೊಸ ಕುರ್ಚಿ ತರಿಸಿದ್ದಾರೆ. ಅದರ ಪ್ಲಾಸ್ಟಿಕ್ ತೆಗೆದಿಲ್ಲ. ನಾನು ವೈರಾಗ್ಯ ಅಂದಾಗಲೆಲ್ಲ ಕೆಳಗಿನಿಂದ ಅದು ಉತ್ತರ ಕೊಡುತ್ತಿದೆ. ಇರಲಿ, ಕಥೆಗೆ ಬರೋಣ.

ಆ ಶ್ರೀಮಂತನ ಮನೆಯಲ್ಲಿ ಯಾವುದೂ ಹಳೆಯದಾಗುವ ಹಾಗಿರಲಿಲ್ಲ. ಸೋಫಾಕ್ಕೆ ಪ್ಲಾಸ್ಟಿಕ್, ಟೀವಿ ರಿಮೋಟಿಗೆ ಪ್ಲಾಸ್ಟಿಕ್, ಕಾರಿನ ಸೀಟಿಗೂ ಪ್ಲಾಸ್ಟಿಕ್. ಅಂಥವನು ಒಂದು ಹೊಸ ಹಾಸಿಗೆ ತಂದ. ಒಂದು ಗೇಣು ದಪ್ಪ, ಕೈ ಒತ್ತಿದರೆ ಕೈಯ ಅಚ್ಚು ಮೂಡುವಂಥದ್ದು. ಹೆಂಡತಿ ಕತ್ತರಿ ಹಿಡಿದು ಬಂದಳು.

"ಅಯ್ಯೋ, ಏನ್ ಮಾಡ್ತಿದ್ದೀಯ?" ಅಂದ.

"ಪ್ಲಾಸ್ಟಿಕ್ ತೆಗೀತಿದ್ದೀನಿ ಕಣ್ರೀ."

"ತೆಗೆದ್ರೆ ಹಳೇದಾಗಲ್ವೇನೇ? ಮೇಲೆ ಒಂದು ಬೆಡ್‌ಶೀಟ್ ಹಾಕು, ಸಾಕು."

ಹೆಂಡತಿ ಕತ್ತರಿ ಕೆಳಗಿಟ್ಟಳು. "ಮದುವೆ ಆದಾಗ ನನಗೂ ಒಂದು ಸುತ್ತಿಸಿಬಿಡಬೇಕಿತ್ತು ನೀವು. ಹೊಸಬಳಾಗೇ ಇರ್ತಿದ್ದೆ."

ತಾಯಂದಿರೇ, ಮೆಲ್ಲಗೆ ನಗಿ. ಯಜಮಾನರು ಪಕ್ಕದಲ್ಲೇ ಇದ್ದಾರೆ.

ಹೊಸ ಹಾಸಿಗೆ ಬಂದಮೇಲೆ ವಾಸ್ತು ನೋಡಿಸದಿದ್ದರೆ ಆದೀತೆ? ವಾಸ್ತು ಪಂಡಿತರು ಬಂದರು. ದಂಪತಿಗಳು ಪೂರ್ವಕ್ಕೆ ತಲೆಯಿಟ್ಟು ಮಲಗುತ್ತಿದ್ದರು. ಗಂಡ ದಕ್ಷಿಣದ ಮಗ್ಗುಲು, ಹೆಂಡತಿ ಉತ್ತರದ ಮಗ್ಗುಲು. "ನೈಋತ್ಯ ಎತ್ತರ ಇರಬೇಕು, ಈಶಾನ್ಯ ತಗ್ಗಿರಬೇಕು. ಮಂಚ ಸಮವಾಗಿದೆಯಲ್ಲ! ಮನೆಗೆ ಆಗಿಬರಲ್ಲ" ಅಂದರು. ಮಂಚದ ನೈಋತ್ಯದ ಕಾಲಿಗೆ ದಪ್ಪ ಹಲಗೆ ಕೊಡಿಸಿದರು. ಅಕ್ಕಪಕ್ಕದ ಎರಡು ಕಾಲಿಗೆ ಅದರರ್ಧ ದಪ್ಪದ್ದು. ಈಶಾನ್ಯದ ಕಾಲಿಗೆ ಏನೂ ಇಲ್ಲ. ಈಗ ಮನಸ್ಸಿನಲ್ಲೇ ಚಿತ್ರ ಬರೆದು ನೋಡಿ. ನೈಋತ್ಯ ಅಂದರೆ ಶ್ರೀಮಂತನ ಪಾದ. ಈಶಾನ್ಯ ಅಂದರೆ? ಅವನ ಹೆಂಡತಿಯ ದಿಂಬು. ಇಷ್ಟು ನೆನಪಿಟ್ಟುಕೊಳ್ಳಿ.

ಶ್ರೀಮಂತ ಕೊಳಕನಲ್ಲ, ಅದೇ ಅವನ ತೊಂದರೆ. ಸ್ನಾನ ಮಾಡಿ, ವಿಭೂತಿ ಹಚ್ಚಿ, ಬೆಡ್‌ಶೀಟ್ ಸರಿಸಿ, ದಿನಾ ಬೆಳಗ್ಗೆ ಒದ್ದೆ ಬಟ್ಟೆಯಿಂದ ಆ ಪ್ಲಾಸ್ಟಿಕ್ಕನ್ನು ಒರೆಸುತ್ತಿದ್ದ. ಫಳಫಳ ಹೊಳೆಯಬೇಕು. ಆಮೇಲೆ ಆರುವುದಕ್ಕೂ ಬಿಡದೆ ಬೆಡ್‌ಶೀಟ್ ಎಳೆದು ಬಿಗಿಯಾಗಿ ಮುಚ್ಚುತ್ತಿದ್ದ. ನೋಡಿ, ಹಾಸಿಗೆಯೊಳಗೆ ಗಾಳಿಯಾಡಲಿ ಅಂತ ಆ ಪ್ಲಾಸ್ಟಿಕ್ಕಿನ ಅಂಚಿನಲ್ಲಿ ಸಣ್ಣ ಸಣ್ಣ ತೂತುಗಳಿರುತ್ತವೆ. ಒರೆಸಿದ ನೀರು ಇಳಿಜಾರು ಹುಡುಕುತ್ತದೆ. ನೀರಿಗೆ ವಾಸ್ತು ಗೊತ್ತಿಲ್ಲ. ಹಾಗಂತ ಅದು ವಾಸ್ತುವನ್ನು ವಿರೋಧಿಸುವುದೂ ಇಲ್ಲ. ಹಲಗೆ ಕೊಟ್ಟ ಕಡೆಯಿಂದ ಕೊಡದ ಕಡೆಗೆ ಹರಿಯುತ್ತದೆ, ಅಷ್ಟೆ. ದಿನಾ ಹರಿಯಿತು. ಹರಿದು ಈಶಾನ್ಯದ ತೂತುಗಳಲ್ಲಿ ಒಳಗಿಳಿಯಿತು. ಇಳಿಯಲು ದಾರಿಯಿತ್ತು, ಆವಿಯಾಗಿ ಹೊರಬರಲು ಬಿಡದೆ ಮೇಲೆ ಪ್ಲಾಸ್ಟಿಕ್ಕು.

ಒಳಗೆ ಕತ್ತಲು, ತೇವ, ಮೈಯ ಬಿಸಿ. ಬೂಷ್ಟಿಗೆ ಇನ್ನೇನು ಬೇಕು? ಅದಕ್ಕೆ ಅದೇ ಕೈಲಾಸ.

ಹೆಂಡತಿ ಸೀನಲು ಶುರುಮಾಡಿದಳು. ಸೀನು ಹೋಗಿ ಕೆಮ್ಮು ಬಂತು, ಕೆಮ್ಮು ಹೋಗಿ ಉಬ್ಬಸ ಬಂತು. ಮೆಟ್ಟಿಲು ಹತ್ತಿದರೆ ಗೋಡೆ ಹಿಡಿದು ನಿಲ್ಲುವ ಹಾಗಾಯಿತು.

"ಈ ಹಾಸಿಗೆ ವಾಸನೆ ಬರ್ತಿದೆ ಕಣ್ರೀ" ಅಂದಳು.

"ದಿನಾ ನಾನೇ ಒರೆಸ್ತೀನಿ! ವಾಸನೆ ಹೇಗೆ ಬರುತ್ತೆ?"

"ಇಲ್ಲಿ ಮೂಗಿಡಿ, ಗೊತ್ತಾಗುತ್ತೆ."

ಇಟ್ಟನೇ? ಇಲ್ಲ. ಸಾಂಬ್ರಾಣಿ ಹಾಕಿಸಿದ. ಸೆಂಟು ಹೊಡೆದ. ದಿಂಬಿನ ಕೆಳಗೆ ನುಸಿಗುಳಿಗೆ ಇಟ್ಟ. ಶಾಂತಿ ಹೋಮ ಮಾಡಿಸಿದ. ಆ ಹೊಗೆಗೆ ಅವಳ ಉಬ್ಬಸ ಇನ್ನಷ್ಟು ಏರಿತು. ಒಂದೇ ಒಂದು ಸಲ ತಲೆ ಬಗ್ಗಿಸಿ ಅವಳ ದಿಂಬಿನ ಹತ್ತಿರ ಮೂಗಿಡಲಿಲ್ಲ. ಎಲ್ಲ ಮಾಡುತ್ತೇವೆ, ಹೌದು ತಾನೆ? ಅದೊಂದನ್ನು ಬಿಟ್ಟು.

ಹೆಂಡತಿ ಬಟ್ಟೆ ತುಂಬಿಕೊಂಡು ತವರಿಗೆ ಹೋದಳು. ಅಲ್ಲಿಂದ ಫೋನು ಮಾಡಿದಳು: "ರೀ, ಇಲ್ಲಿ ಒಂದು ಸೀನೂ ಇಲ್ಲ. ಮಹಡಿಗೆ ಓಡಿ ಹತ್ತಿದೆ."

ಯಾರಾದರೂ ಸಂತೋಷಪಡಬೇಕು. ಇವನಿಗೆ ಅವಮಾನವಾಯಿತು. "ಅಂದ್ರೆ ನನ್ನ ಮುಖ ನೋಡಿದ್ರೆ ಸೀನು ಬರುತ್ತೆ ಅಂತಲಾ?"

"ಮುಖ ಅಲ್ಲ, ಹಾಸಿಗೆ. ಆ ಪ್ಲಾಸ್ಟಿಕ್ಕಾದರೂ ಇರಲಿ, ಇಲ್ಲ ನಾನಾದರೂ ಇರ್ತೀನಿ. ಯೋಚನೆ ಮಾಡಿ" ಅಂತ ಫೋನಿಟ್ಟಳು.

ಯೋಚನೆ ಮಾಡಬೇಕಾದ ವಿಷಯವೇ ಇದು? ಅವನು ಮಾಡಿದ, ನೋಡಿ! ಕೆಲವು ದಿನ ಮಾಡಿದ. ಮನೆ ಬಿಕೋ ಅನ್ನುತ್ತಿತ್ತು. ಒಂದು ಮಧ್ಯಾಹ್ನ ಊಟ ಮಾಡಿ ಮಲಗಲು ಹೋದವನು, ತನ್ನ ಮಗ್ಗುಲು ಬಿಟ್ಟು ಅವಳ ಜಾಗದಲ್ಲಿ ಮಲಗಿದ. ಯಾಕೆ? ಅವನಿಗೇ ಗೊತ್ತಿರಲಿಲ್ಲ. ಅವಳ ದಿಂಬಿಗೆ ಮುಖ ಒತ್ತಿ ಮಲಗಿದ. ಎದ್ದದ್ದು ಸೀನಿಕೊಂಡೇ. ಒಂದಲ್ಲ, ಎರಡಲ್ಲ, ಕಣ್ಣುಮೂಗಲ್ಲಿ ನೀರು. ಆ ಕೋಣೆಯಲ್ಲಿ ಇವನೊಬ್ಬನೇ. ಇನ್ನು ತಪ್ಪನ್ನು ಯಾರ ಮುಖದ ಮೇಲೆ ಹಾಕುತ್ತಾನೆ?

ಬೆಡ್‌ಶೀಟ್ ಕಿತ್ತ. ಮೂಲೆಯ ಪ್ಲಾಸ್ಟಿಕ್ಕನ್ನು ಉಗುರಿನಲ್ಲಿ ಸೀಳಿದ. ಒಳಗೆ ಬಿಳಿ ಬಟ್ಟೆಯ ತುಂಬ ಕಪ್ಪು ಚುಕ್ಕೆ, ಮಳೆಗಾಲದ ಗೋಡೆಯ ಹಾಗೆ. ಒತ್ತಿದರೆ ಬೆರಳು ಒದ್ದೆ. ದಿನಾ ಬೆಳಗ್ಗೆ ತಾನು ಭಕ್ತಿಯಿಂದ ಒರೆಸಿದ್ದೆಲ್ಲ ಎಲ್ಲಿಗೆ ಹೋಗುತ್ತಿತ್ತು ಅಂತ ಆಗ ಗೊತ್ತಾಯಿತು. ಇಷ್ಟು ಕಾಲ ಅವಳು ಉಸಿರಾಡಿದ್ದು ಇದನ್ನು. ಫೋನು ಮಾಡಿದ.

"ಬಾ ಕಣೇ."

"ಪ್ಲಾಸ್ಟಿಕ್?"

"ತೆಗೀತಿದ್ದೀನಿ."

"ಸುಳ್ಳು."

"ಕೇಳು ಹಾಗಾದ್ರೆ" ಅಂದು ಫೋನನ್ನು ಹಾಸಿಗೆಯ ಮೇಲಿಟ್ಟು, ಎರಡೂ ಕೈಯಲ್ಲಿ ಹಿಡಿದು ತಲೆಯಿಂದ ಕಾಲಿನವರೆಗೆ ಪರ್ರನೆ ಹರಿದ.

"ಸೋಫಾದ್ದು?" ಅಂದಳು.

"ಸೋಫಾದ್ದು ಆಮೇಲೆ..."

"ಸರಿ, ನಾನೂ ಆಮೇಲೆ."

ಫೋನು ಹಿಡಿದೇ ಹಾಲಿಗೆ ಓಡಿದ. ಮತ್ತೆ ಪರ್ರ್! ಅವಳು ನಕ್ಕಳು. ನಕ್ಕರೂ ಕೆಮ್ಮು ಬರಲಿಲ್ಲ. ಅದನ್ನು ಅವನು ಗಮನಿಸಿದ. ಮದುವೆಯಾದಮೇಲೆ ಅವನು ಸರಿಯಾಗಿ ಕಿವಿಗೊಟ್ಟದ್ದು ಅದೇ ಮೊದಲಿರಬೇಕು.

ಹಾಸಿಗೆ ಉಳಿಯಿತೇ ಅಂತ ಕೇಳುತ್ತೀರಿ. ಇಲ್ಲ. ಬೂಷ್ಟು ಆಳಕ್ಕೆ ಇಳಿದಿತ್ತು, ಎಸೆಯಬೇಕಾಯಿತು. ಹೊಸದಾಗಿಯೇ ಇಟ್ಟ ಹಾಸಿಗೆ ಹೊಸದಾಗಿಯೇ ಸತ್ತಿತು. ಹೆಂಡತಿ ಬಂದು ಅಟ್ಟದಿಂದ ಹಳೆಯ ಹತ್ತಿ ಹಾಸಿಗೆ ಇಳಿಸಿದಳು. ಮೂಗಿಗೆ ಬಟ್ಟೆ ಕಟ್ಟಿಕೊಂಡು ಇಬ್ಬರೂ ಅದನ್ನು ತಾರಸಿಯ ಬಿಸಿಲಲ್ಲಿ ಹಾಕಿ, ಕೋಲಿನಿಂದ ಬಡಿದರು. ಕೆಳಗೆ ಬಂದು ಮಂಚದ ಕಾಲಿನ ಹಲಗೆಗಳನ್ನೂ ತೆಗೆದರು. ಈಶಾನ್ಯ, ನೈಋತ್ಯ ಎರಡೂ ಸಮ. ಮನೆ ಬಿದ್ದಿತೇ? ಬೀಳಲಿಲ್ಲ.

ಇನ್ನು ನಿಮ್ಮ ವಿಷಯ.

ಈ ಭವನದಲ್ಲಿ ಹೊಸ ಹಾಸಿಗೆಯ ಪ್ಲಾಸ್ಟಿಕ್ ತೆಗೆಯದವರು ಎಷ್ಟು ಜನ? ಕೈ ಎತ್ತಬೇಡಿ, ಮುಖದಲ್ಲೇ ಗೊತ್ತಾಗುತ್ತಿದೆ. ಒಂದು ರಾತ್ರಿಯ ಬೆವರು, ಉಸಿರಿನ ತೇವ, ಉದುರಿದ ಚರ್ಮದ ಹುಡಿ ಎಲ್ಲ ನೀವು ಮಲಗಿದ ಜಾಗದಲ್ಲೇ ಸೇರುತ್ತದೆ. ಆ ಹುಡಿಯನ್ನು ತಿಂದು ಬದುಕುವ, ಕಣ್ಣಿಗೆ ಕಾಣದ ನುಸಿಗಳಿವೆ. ನೀವು ಯಾವ ಜಾತಿ, ಯಾವ ಮಠ ಅಂತ ಅವು ಕೇಳುವುದಿಲ್ಲ. ಅವಕ್ಕೆ ಬೇಕಾದದ್ದು ತೇವ. ಅದನ್ನು ಕೊಡಬೇಡಿ.

ಇವತ್ತು ಮನೆಗೆ ಹೋಗಿ, ಪ್ಲಾಸ್ಟಿಕ್ ಇದ್ದರೆ ಹರಿಯಿರಿ. ಬೆಳಗ್ಗೆ ಎದ್ದ ತಕ್ಷಣ ಹಾಸಿಗೆ ಮುಚ್ಚಿ ಅಚ್ಚುಕಟ್ಟು ತೋರಿಸಬೇಡಿ. ಹೊದಿಕೆ ಸರಿಸಿ, ಕಿಟಕಿ ತೆಗೆದು, ಕಾಫಿ ಕುಡಿದು, ಸ್ನಾನ ಮುಗಿಸಿ ಬಂದು ಹಾಸಿ. ಬೆಡ್‌ಶೀಟನ್ನೂ ದಿಂಬಿನ ಕವರನ್ನೂ ವಾರಕ್ಕೊಮ್ಮೆ ಬಿಸಿನೀರಲ್ಲಿ ಒಗೆಯಿರಿ. ಆಗಾಗ ಹಾಸಿಗೆಯ ಮೇಲೆ ಅಡುಗೆ ಸೋಡಾ ಉದುರಿಸಿ, ಕೆಲವು ಗಂಟೆ ಬಿಟ್ಟು, ವ್ಯಾಕ್ಯೂಮ್ ಕ್ಲೀನರಿನಿಂದ ಎಳೆಯಿರಿ. ಮಗು ಉಚ್ಚೆ ಹೊಯ್ದರೆ ಬಕೆಟ್ ನೀರು ಸುರಿಯಬೇಡಿ. ಒಣ ಬಟ್ಟೆ ಒತ್ತಿ ಹೀರಿಸಿ, ಫ್ಯಾನು ಹಾಕಿ ಪೂರ್ತಿ ಆರಿಸಿ. ಹತ್ತಿ ಹಾಸಿಗೆಯಾದರೆ ಬಿಸಿಲಿಗೆ ಹಾಕಿ. ಫೋಮ್ ಆದರೆ ನೆರಳಿನ ಗಾಳಿ ಸಾಕು, ಸುಡುಬಿಸಿಲು ಅದನ್ನು ಹಾಳುಮಾಡುತ್ತದೆ.

ಇಷ್ಟಕ್ಕೆ ಪ್ರವಚನ ಬೇಕಿರಲಿಲ್ಲ, ಒಪ್ಪಿದೆ. ಇದೊಂದಕ್ಕೆ ಬೇಕು: ತಿಂಗಳಿಗೊಂದು ಸಲ ಜಾಗ ಬದಲಿಸಿ ಮಲಗಿ. ಗಂಡ ಹೆಂಡತಿಯ ಮಗ್ಗುಲಿಗೆ, ಅತ್ತೆ ಸೊಸೆಯ ಕೋಣೆಗೆ. ನಾವು ಒರೆಸಿ ಹೊಳೆಯಿಸಿದ ಮಡಿ, ಶಿಸ್ತು, ಮರ್ಯಾದೆ, ಅದರ ನೀರೆಲ್ಲ ಮನೆಯಲ್ಲಿ ಯಾರ ದಿಂಬಿನ ಕೆಳಗೆ ಇಳಿಯುತ್ತಿದೆ ಅಂತ ಅಲ್ಲಿ ಮಲಗದೆ ಗೊತ್ತಾಗುವುದಿಲ್ಲ. ಯಾರಾದರೂ "ಇಲ್ಲಿ ಮೂಗಿಡಿ" ಅಂದರೆ ವಾದಿಸಬೇಡಿ. ಬಗ್ಗಿ, ಇಡಿ.

ಚನ್ನಮಲ್ಲಪ್ಪನವರೇ, ಬೇಸರ ಮಾಡಿಕೊಳ್ಳಬೇಡಿ. ನಾನು ಈ ಕುರ್ಚಿಯಿಂದ ಏಳುತ್ತೇನೆ, ಒಂದು ತುದಿ ನೀವು ಹಿಡಿಯಿರಿ. ಮೈಕು ಹತ್ತಿರ ತನ್ನಿ, ಹಿಂದೆ ಕೂತ ತಾಯಂದಿರಿಗೂ ಕೇಳಿಸಲಿ.

ಹೂಂ, ಎಳೆಯಿರಿ.