ಕೈ ನಿಮ್ಮದು, ಹೆಸರು ನನ್ನದು

...ನಗೋದಾದ್ರೆ ಇಸ್ತ್ರಿಪೆಟ್ಟಿಗೆ ಪಕ್ಕಕ್ಕಿಟ್ಟು ನಗಿ ಭಾವ. ಸಂಜೆ ಸನ್ಮಾನಕ್ಕೆ ಅಂತ ಹೊಲಿಸಿರೋದು ಇದೊಂದೇ ಅಂಗಿ. ಬನಿಯನ್ನಲ್ಲಿ ನಿಂತು ಭಾಷಣ ಒಪ್ಪಿಸಿದ್ರೆ ಯಾರಿಗಾದ್ರೂ ನಗು ಬರುತ್ತೆ, ಗೊತ್ತು. ಆದರೂ ಪೂರ್ತಿ ಕೇಳಿ.

"ಮಾನ್ಯರೇ, ಒಂದೇ ಒಂದು ಇಸ್ತ್ರಿಪೆಟ್ಟಿಗೆ. ಸ್ವಂತ ಶ್ರಮ. ಬರಿಗೈಯಲ್ಲಿ ಶುರು ಮಾಡಿದವನು ನಾನು. ಇವತ್ತು ಹನ್ನೊಂದು ಲಾಂಡ್ರಿ." ಹೇಗಿದೆ?

ಮತ್ತೆ ನಕ್ಕಿರಿ. ಸರಿ, ಮಳಿಗೆ ಅಪ್ಪನದು. ಮೇಲಿನ ಮೂರು ಅಂತಸ್ತೂ ಅಪ್ಪನದೇ. ಅದಕ್ಕೆ ನಾನೇನು ಮಾಡ್ಲಿ, ಬಡವರ ಮನೆ ವಿಳಾಸ ವಿಚಾರಿಸ್ಕೊಂಡು ಹುಟ್ಟಬೇಕಿತ್ತಾ? ದಿನಾ ಕತ್ತಲಲ್ಲೇ ಎದ್ದು ಅಂಗಡಿ ಬಾಗಿಲು ತೆಗೀತಿದ್ದೆ, ಅದಾದ್ರೂ... ಆಯ್ತಪ್ಪ, ತೆಗೀತಿದ್ದದ್ದು ಅಕ್ಕ. ಆದರೆ ಬೀಗದ ಕೈ ಯಾರ ದಿಂಬಿನ ಕೆಳಗಿತ್ತು? ನಿಮ್ಮ ಹೆಂಡ್ತಿ ನನ್ನ ತಲೆ ಎತ್ತಿ ಅದನ್ನ ಎಳ್ಕೊಳ್ಳೋವಾಗ ನನ್ನ ನಿದ್ದೆ ಹಾಳಾಗ್ತಿತ್ತಲ್ಲ, ಅದು ಶ್ರಮ ಅಲ್ವಾ?

ನಾವಿಬ್ಬರೂ ಒಂದೇ ದಿನ ಈ ಅಂಗಡೀಲಿ ಕಾಲಿಟ್ಟವರು. ಅಕ್ಕನ್ನ ನಿಮಗೆ ಕೊಟ್ಟ ಅಪ್ಪ, ಅಳಿಯನ್ನ ಈ ಮೇಜಿನ ಹಿಂದೆ ನಿಲ್ಲಿಸಿದ್ರು, ಮಗನ್ನ ಗಲ್ಲಾದ ಹಿಂದೆ ಕೂರಿಸಿದ್ರು. ಒಂದೇ ಸೂರು, ಒಂದೇ ಫ್ಯಾನು... ಫ್ಯಾನು ನನ್ನ ಕಡೆ ತಿರುಗಿತ್ತು, ಒಪ್ಪಿದೆ. ನಿಮ್ಮ ಕಡೆ ತಿರುಗಿಸಿದ್ರೆ ಬಟ್ಟೆ ಹಾರಲ್ವಾ? ಆದರೂ ನಾನು ಎಲ್ಲಿಗೆ ಹೋದೆ, ನೀವು ಎಲ್ಲಿದ್ದೀರಿ. ಛಲ ಬೇಕು ಭಾವ. ಅಪ್ಪ ಅಂಗಡೀನ ನನ್ನ ಹೆಸರಿಗೆ ಬರೆಯೋವರೆಗೂ ನಾನು ಛಲ ಬಿಡಲಿಲ್ಲ.

ಈಗ ವಿಷಯಕ್ಕೆ ಬರ್ತೀನಿ. ಹೊರಗೆ ಫೋಟೋದವನು ಕಾಯ್ತಿದ್ದಾನೆ. ವೇದಿಕೆ ಹಿಂದಿನ ಪರದೆ ತುಂಬಾ ಒಂದು ಅಂಗೈ, ಕೆಳಗೆ "ದುಡಿದು ಗೆದ್ದ ಕೈ" ಅಂತ ಅಕ್ಷರ. ನನ್ನ ಅಂಗೈ ನೋಡಿ, ಬೆಣ್ಣೆ ಮುದ್ದೆ ಇದ್ದಂಗಿದೆ ಸಾರ್, ನಡೆಯಲ್ಲ ಅಂದುಬಿಟ್ಟ ಪುಣ್ಯಾತ್ಮ. ನಿಮ್ಮದು ಹಾಗಲ್ಲ. ಆ ಜಡ್ಡು, ಆ ಸುಟ್ಟ ಕಲೆ... ಎಷ್ಟು ಲಕ್ಷಣವಾಗಿದೆ. ಮುಖ ಬರಲ್ಲ, ಹೆದರಬೇಡಿ. ಕೈ ನಿಮ್ಮದು, ಹೆಸರು ನನ್ನದು. ಇಷ್ಟು ವರ್ಷ ಹಾಗೇ ತಾನೇ ನಡೆದಿರೋದು?

ಯಾಕೆ ಮುಷ್ಟಿ ಹಿಡಿದಿರಿ?

ಅಕ್ಕನಿಗೆ ಹೇಳೋದೇನೂ ಬೇಡ. ಇಬ್ಬರಿಗೂ ಮುಂದಿನ ಸಾಲಲ್ಲೇ ಕುರ್ಚಿ ಹಾಕಿಸ್ತೀನಿ. ಅಂದರೆ, ಎರಡನೇ ಸಾಲು. ಮೊದಲನೇದು ಬ್ಯಾಂಕಿನವರಿಗೆ ಹೋಯ್ತು.

ಈಗ ಯಾಕೆ ನಗ್ತಿಲ್ಲ ಭಾವ?

ಬೈದಾದ್ರೂ ಬೈರಿ... ಇದೇನು, ಪೆಟ್ಟಿಗೆ ನನ್ನ ಕೈಗೆ ಯಾಕೆ ಕೊಡ್ತಿದ್ದೀರಿ? ಅಂಗಿ ಅರ್ಧಾನೂ ಆಗಿಲ್ಲ. ಚಪ್ಪಲಿ ಯಾಕೆ ಮೆಟ್ಕೊಂಡ್ರಿ?

ಬಾರಪ್ಪ ಫೋಟೋದವನೇ, ಬಾ. ನಮ್ಮ ಭಾವ ಸ್ವಲ್ಪ ತಮಾಷೆ ಮನುಷ್ಯ. ಏನಂದೆ? ನಾನೇ ಇಸ್ತ್ರಿ ಮಾಡೋ ಫೋಟೋನಾ? ಭೇಷಾಗಿ ತೆಗಿ, ನನಗೇನು ಹೊಸದಾ. ಇರು, ಒಂದು ನಿಮಿಷ.

ಭಾವ, ಭಾವ, ಬಾಗಿಲ ಹತ್ರ ನಿಲ್ಲಿ. ಅವನಿಗೆ ಕೇಳಿಸೋದು ಬೇಡ, ಮೆಲ್ಲಗೆ ಹೇಳಿ... ಮೊದಲು ಕಾಲರಾ, ತೋಳಾ?