ಜಪಾನು ಕಾಯ್ತಿದ್ದೋನ ಎಡೆ

...ಅಯ್ಯೋ, ಆ ಎಲೆ ಎತ್ಬ್ಯಾಡ ಕಣ್ಲಾ, ಇರ್ಲಿ ಬುಡು ಅಲ್ಲೇ! ಒಂದ್ ಎಲೆ ಜಾಸ್ತಿ ಐತೆ ಅಂತೀಯಲ್ಲ, ನಂಗೇನ್ ಎಣಿಸಕ್ಕೆ ಬರಾಕಿಲ್ವಾ? ನಮ್ಮನೇಲಿ ಮಾರ್ಲಮಿ ಅಬ್ಬಕ್ಕೆ ಸತ್ತೋರ್ಗೆ ಎಡೆ ಇಕ್ಕುವಾಗ ಯಾವಾಗ್ಲೂ ಒಂದ್ ಎಲೆ ಜಾಸ್ತೀನೇ. ಅದು ನಮ್ಮ ವಂಸದೋರ್ದಲ್ಲ. ಯಾರ್ದು ಅಂದ್ರೆ... ಕುಂತ್ಕೊ ವಸಿ. ನೀನೂ ಬಾ ಅಮ್ಮಿ, ವಡೆ ಆಮೇಕೆ ಬೇಯಿಸ್ದ್ರಾಯ್ತು, ಇರೀಕ್ರು ಎಲ್ಲೂ ಓಡೋಗಲ್ಲ.

ನಿಮ್ತಾತ ದಂಡಿಗೆ ಸೇರ್ಕಂಡಾಗ ನಂಗೆ ಅದಿನಾರೋ ಅದಿನೇಳೋ. ಅದಿನೇಳೇ ಇರ್ಬೇಕು ಬುಡು. ಮಾವ ತೀರ್ಕಂಡಿದ್ರು, ಮನೇಲಿ ನಾನು, ನಮ್ಮತ್ತೆ, ಎಲ್ಡು ಎತ್ತು, ಅಷ್ಟೇಯ. ದಂಡಲ್ಲಿ ಎಲ್ಡೊತ್ತು ಅನ್ನ ಇಕ್ತಾರೆ ಅಂತ ಯಾರೋ ಯೇಳಿದ್ರು, ಈವಪ್ಪ ಬೆಂಗ್ಳೂರಿಗೆ ರೈಲತ್ತೇ ಬುಟ್ಟ. ಅಲ್ಲಿಂದ ಬರ್ಮಾ ಅಂತೆ. ಇವ್ರಿಗೆ ಓದು ಬರಾ ಇಲ್ವಲ್ಲ, ಮಳವಳ್ಳಿ ಕಡೆಯೋನು ಒಬ್ಬ ಗೆಣೆಕಾರ ಇದ್ದ, ಅವನೇ ಕಾಗ್ದ ಬರ್ಕೊಡೋನು. ದುಂಡುದುಂಡಾಗಿ, ಮುತ್ತು ಪೋಣಿಸ್ದಂಗೆ ಬರೀತಿದ್ದ. ಕಾಗ್ದ ಬಂದ್ರೆ ಇಸ್ಕೂಲು ಮೇಷ್ಟ್ರ ತಾವ ತಗಂಡೋಗಿ ಓದಿಸೋದು. ನಡುನಡುವೆ ಸರ್ಕಾರದೋರು ಕರೀ ಮಸಿ ಬಳ್ದಿರೋರು, ಗುಟ್ಟು ಒರಗೆ ಓಗಬಾರ್ದು ಅಂತ. ನಮ್ಮತ್ತೆ ಆ ಮಸೀನೇ ನೋಡ್ಕಂಡು ಕುಂತಿರೋಳು, "ಇಲ್ಲೇ ಏನೋ ಬಚ್ಚಿಟ್ಟವ್ರೆ ಕಣೆ, ಇಲ್ಲೇ ನನ್ ಮಗನ ಸುದ್ದಿ ಇರೋದು" ಅಂತ.

ಆಮೇಕೆ ಒಂದ್ ವರ್ಸ ಕಾಗ್ದಾನೇ ಇಲ್ಲ. ಯುದ್ಧ ಮುಗೀತು ಅಂತ ಮದ್ದೂರು ಸಂತೇಲಿ ಎಲ್ಲಾ ಮಾತಾಡ್ಕಂಡ್ರು, ಅಕ್ಕಪಕ್ಕದ ಅಳ್ಳಿ ಐಕ್ಳು ಒಬ್ಬೊಬ್ರೇ ಬಂದು ಹನಕೆರೆ ಟೇಸನ್ನಲ್ಲಿ ಇಳೀತಾವ್ರೆ, ನಮ್ಮೋನು ಮಾತ್ರ ಇಲ್ಲ. ಕೊನೆಗೆ ಒಂದ್ ಕಾಗ್ದ ಬಂತು ನೋಡು. ಮೇಷ್ಟ್ರು ಓದಿದ್ರು: "ಅವ್ವನಿಗೆ ನಮಸ್ಕಾರ. ನಾನು ಕ್ಷೇಮ. ಯುದ್ಧ ಮುಗಿಯಿತು. ಈಗ ನಮ್ಮ ದಂಡು ಜಪಾನು ದೇಶದಲ್ಲಿ ಶಾಂತಿ ಕಾಯುತ್ತಾ ಇದೆ. ಬರುವುದು ತಡವಾಗುತ್ತದೆ." ಅಷ್ಟೇ. ನಮ್ಮತ್ತೆ ಕಾಗ್ದ ಕಿತ್ಕಂಡು ಇಂದೆ ಮುಂದೆ ತಿರುಗ್ಸಿದ್ಲು. "ಮೇಷ್ಟ್ರೇ, ಇದ್ರಲ್ಲಿ ಮಸೀನೇ ಇಲ್ವಲ್ಲ?" "ಯುದ್ಧ ಮುಗೀತಲ್ಲವ್ವ, ಇನ್ಯಾಕೆ ಮಸಿ?" "ಅಕ್ಸರಾನೂ ಬ್ಯಾರೆ." ಆಗ ನೋಡ್ತೀನಿ, ಔದು ಕಣ್ಲಾ! ನಂಗೂ ಓದಕ್ಕೆ ಬರಾಕಿಲ್ಲ, ಆದ್ರೂ ಆ ದುಂಡು ಅಕ್ಸರ ಅಲ್ಲ, ಕೋಳಿ ಕೆದರ್ದಂಗಿತ್ತು. ನಮ್ಮತ್ತೆ ಅಂದ್ಲು, "ಶಾಂತಿ ಕಾಯೋಕೆ ಅದೇನ್ ರಾಗಿ ಒಲವಾ? ಬಡ್ದಾಡಕ್ಕೆ ಓದ ಸಿಪಾಯಿ ಬಡ್ದಾಟ ಮುಗಿದ್ಮೇಲೆ ಸತ್ರುಗಳ ಊರಲ್ಲಿ ಯಾಕಿರ್ತಾನೆ? ಅವ್ರು ಸುಮ್ಕೆ ಬುಡ್ತಾರಾ? ನನ್ ಮಗ ಇಲ್ಲ. ಯಾರೋ ಕುಂತು ಸುಳ್ಳು ಬರೀತಾವ್ರೆ." ಅವತ್ತಿಂದ ಮನೇಲಿ ಅನ್ಮಾನವೇ ಅನ್ಮಾನ. ಅಂಚೆಯೋನ ಮೇಲೆ ಅನ್ಮಾನ, ಮೇಷ್ಟ್ರ ಮೇಲೆ ಅನ್ಮಾನ. ನಾನು ಒಸಾ ಬಳೆ ತೊಡಿಸ್ಕಂಡ್ರೆ ನನ್ ಮೇಲೂ ಕಣ್ಣು.

ಕೊನೆಗೆ ಇಬ್ರೂ ಮಂಡ್ಯಕ್ಕೆ ನಡೆದ್ವಿ, ಸಿಪಾಯಿಗಳ ಮನೆಯೋರು ಯಿಚಾರಿಸೋ ಕಚೇರಿ ಒಂದಿತ್ತು. ಗುಮಾಸ್ತ ಕನ್ನಡಕ ಆಕ್ಕಂಡು ಕುಂತಿದ್ದ. "ಹೆಸರು?" ನಾನು ಗಂಡನ ಎಸ್ರು ಯೇಳಂಗಿಲ್ಲ, ಸೆರಗು ಮುಂದಕ್ಕೆ ಎಳ್ಕಂಡೆ. ನಮ್ಮತ್ತೆ ಯೇಳಿದ್ಲು, "ಬೋರೇಗೌಡ ಸಾಮಿ." "ತಂದೆ ಹೆಸರು?" ಈಗ ನೋಡು ಫಜೀತಿ! ಅವಳಿಗದು ಗಂಡನ ಎಸ್ರು, ನಂಗೆ ಮಾವನ ಎಸ್ರು. ಅವಳು ನನ್ ಮುಕ ನೋಡ್ತಾಳೆ, ನಾನು ಅವಳ ಮುಕ ನೋಡ್ತೀನಿ. "ಏನಮ್ಮಾ, ಬಾಯಿಲ್ವಾ?" ಇಂದೆ ಇಪ್ಪತ್ತು ಜನ ನಿಂತವ್ರೆ. ಆವಯ್ಯನೂ ಬ್ಯಾಸತ್ತು ಒಂದ್ ಪುಸ್ತಕ ತಗ್ದ, ಬೆಳ್ಳು ಇಟ್ಕಂಡು ಇಳಿಸ್ಕಂಡು ಬಂದ. "ಒಬ್ಬ ಬೋರೇಗೌಡ ಇದ್ದಾನೆ. ಬರ್ಮಾದಲ್ಲಿ ತೀರ್ಕೊಂಡಿದ್ದಾನೆ. ಮುಂದಿನೋರು ಬನ್ನಿ" ಅಂದ. ಅಷ್ಟೇಯ ಕಣ್ಲಾ. ಅಷ್ಟೇಯ.

ಬರೋ ದಾರಿ ಉದ್ದಕ್ಕೂ ನಮ್ಮತ್ತೆ ಅಳ್ಳಿಲ್ಲ. "ನಾ ಯೇಳಿದ್ನಲ್ಲ, ನಾ ಯೇಳಿದ್ನಲ್ಲ" ಅಂತ ಅದೇ ಮಾತು. ಮಾರ್ಲಮಿ ಇನ್ನೈದು ದಿನಕ್ಕೆ. ಆಗ ಬಟ್ಟೆ ಎಲ್ಲಿ ಸಿಗ್ತಿತ್ತು, ಅದೂ ರೇಸನ್ ಚೀಟಿ ಮೇಲೇನೇ; ಮದ್ದೂರಲ್ಲಿ ಎಲ್ಡು ದಿನ ಸಾಲಲ್ಲಿ ನಿಂತು ಮಗನ ಎಡೆಗೆ ಅಂತ ಒಂದ್ ಪಂಚೆ ತಂದ್ಲು. ಅದನ್ನ ಗೂಟಕ್ಕೆ ನೇತಾಕಿ ಅಂದ್ಲು, "ನಾಳೀಕೆ ಬಳೆ ಒಡಿಬೇಕು ಕಣೆ. ನಾಡಿದ್ದು ಅವ್ನಿಗೂ ಎಡೆ." ನಂಗೆ ಎಲ್ಲಿತ್ತೋ ಸಿಟ್ಟು, "ಬದ್ಕಿರೋನಿಗೆ ಎಡೆ ಇಕ್ಕೀಯಾ? ಕಾಗ್ದ ಮೊನ್ನೆ ಬಂದೈತೆ, ಬರ್ಮಾದಲ್ಲಿ ಸತ್ತೋನು ಜಪಾನಿಂದ ಯೆಂಗೆ ಬರೀತಾನೆ?" ಅಂತ ಕೂಗಾಡ್ದೆ. "ಅವನೇ ಬರ್ದ ಅಂತ ಏನ್ ಗ್ಯಾರಂಟಿ?" ಅಂದ್ಲು. ಎಲ್ಲೋ ಒಂದ್ ಮೂಲೇಲಿ ನಂಗೂ ಅನ್ಮಾನ ಬಂದ್ಬುಟ್ಟಿತ್ತು, ಸುಳ್ ಯಾಕೆ ಯೇಳ್ಲಿ.

ಬೆಳಗೆದ್ದೋಳೇ ಬಳೆ ಒಡಿಯೋರು ಬರೋಕ್ಮುಂಚೆ ಒಬ್ಳೇ ಮಂಡ್ಯಕ್ಕೆ ಒಂಟ್ಬುಟ್ಟೆ. ಓಡಿದ್ನೋ ನಡೆದ್ನೋ ಗೊತ್ತಿಲ್ಲ. ಅದೇ ಗುಮಾಸ್ತ, ಅದೇ ಕನ್ನಡಕ. "ಮತ್ತೆ ಏನಮ್ಮಾ?" ಸೆರಗು ಇಂದಕ್ಕೆ ಆಕಿ, ಕಣ್ ಮುಚ್ಕಂಡು, ದೊಡ್ ಗಂಟ್ಲಲ್ಲಿ ಕೂಗ್ದೆ ಕಣ್ಲಾ, "ಮರೀಗೌಡ್ರ ಮಗ ಬೋರೇಗೌಡ!" ಅಂತ. ಅಲ್ಲಿದ್ದೋರೆಲ್ಲಾ ತಿರುಗಿ ನೋಡಿದ್ರು. ಮುದುಕಿ ಒಬ್ಳು "ರಾಮ ರಾಮ, ಏನ್ ಎಣ್ಣಪ್ಪಾ" ಅಂತ ಕೆನ್ನೆ ಬಡ್ಕಂಡ್ಲು. ಆವಯ್ಯ ಪುಸ್ತಕ ನೋಡ್ದ, ಇನ್ನೊಂದ್ ತಗ್ದು ನೋಡ್ದ, ತಲೆ ಎತ್ತಿದ. "ಅಮ್ಮಾ, ತೀರ್ಕೊಂಡಿರೋನು ಸಿದ್ದೇಗೌಡನ ಮಗ, ಮಳವಳ್ಳಿ ಕಡೆಯೋನು. ನಿಮ್ಮೋನು ಇಲ್ಲಿದ್ದಾನೆ, ಜಪಾನಲ್ಲೇ ಇದ್ದಾನೆ. ಅವತ್ತೇ ಹೇಳೋಕೇನಾಗಿತ್ತು?" "ನಿಮ್ಮೆಂಡ್ರು ನಿಮ್ಮೆಸ್ರು ಯೇಳ್ತಾರಾ ಸಾಮಿ?" ಅಂದೆ. ಆವಯ್ಯ ಕನ್ನಡಕ ತಗ್ದು ಒರೆಸ್ಕಂಡ. ನಾನು ನಕ್ಕೆ. ಬಿದ್ದೂ ಬಿದ್ದೂ ನಕ್ಕೆ. ಯಾವನೋ ಸಿದ್ದೇಗೌಡನ ಮಗ ಸತ್ತ ಅಂತ ಯೇಳಿದ್ಕೆ ನಾನು ಅಲ್ಲಿ ನಕ್ಕೆ ಕಣವ್ವಾ.

ಮನೆಗ್ ಬಂದ್ರೆ ಬಳೆ ಒಡಿಯಕ್ಕೆ ಎಂಗಸ್ರು ಕುಂತವ್ರೆ. ನಮ್ಮತ್ತೆ ನಂಬ್ಲಿಲ್ಲ, "ಬಳೆ ಉಳಿಸ್ಕಣಕ್ಕೆ ನಾಟ್ಕ ಆಡ್ತೀಯಾ?" ಅಂದ್ಲು. "ಅವ್ರೆಸ್ರು ಯೇಳ್ಬುಟ್ಟೆ ಅತ್ತೆ. ಮಾವನ ಎಸ್ರೂ ಯೇಳ್ದೆ, ಎಲ್ರೆದ್ರಿಗೆ" ಅಂದೆ. ಪಟೀರ್ ಅಂತ ಕೆನ್ನೆಗೆ ಬಾರಿಸಿದ್ಲು. ಆಮೇಕೆ ಅದೇ ಕೈಲಿ ತಬ್ಕಂಡು ಅತ್ಲು ನೋಡು, ಅಲ್ಲೀಗಂಟ ತಡ್ಕಂಡಿದ್ದುದೆಲ್ಲಾ. ಇಂಥಾ ತಪ್ಪನ್ನ ಸುಳ್ಳಿಗೆ ಯಾವ ಸೊಸೆ ಒಪ್ಕತ್ತಾಳೆ, ಅಲ್ವಾ? ಅದ್ಕೇ ನಂಬಿದ್ಲು.

ನಿಮ್ತಾತ ಬಂದಿದ್ದು ಮಾರನೇ ವರ್ಸ, ಮಾರ್ಲಮಿ ಇನ್ನೇನು ಅನ್ನುವಾಗ. "ಅದೇನ್ ಕಾದೆ ಅಲ್ಲಿ, ಯೇಳು" ಅಂತ ನಮ್ಮತ್ತೆ ಕುಂಡ್ರಿಸ್ಕಂಡು ಕೇಳಿದ್ಲು, ಅವಳಿಗೆ ಇನ್ನೂ ಗುಮಾನಿ. "ಏನಿಲ್ಲ ಕಣವ್ವ, ಊರೆಲ್ಲಾ ಸುಟ್ಟೋಗಿತ್ತು. ಸೇತುವೆ ಕಟ್ಟಿದ್ವಿ, ಅಕ್ಕಿ ಗೋದಾಮು ಕಾದ್ವಿ, ಲೂಟಿ ಆಗ್ದಂಗೆ ನೋಡ್ಕಂಡ್ವಿ. ಒಂದ್ ಗುಂಡೂ ಆರಿಸ್ಲಿಲ್ಲ. ನಮ್ಮನ್ನ ಕಂಡ್ರೆ ಅಲ್ಲಿನ ಜನ ಬಾಗ್ಲು ಆಕ್ಕಳೋರು. ಒಬ್ಳು ಮುದುಕಿ ಇದ್ಲು, ಥೇಟ್ ನಿನ್ನಂಗೇಯ. ಬಿಸ್ಕತ್ತು ಕೊಟ್ರೆ ಇಸ್ಕಳಾಳು, ಬಾಯ್ಗೆ ಇಡಾಳಲ್ಲ. ಅರ್ಧ ಮುರ್ದು ನಾನ್ ತಿಂದು ತೋರಿಸ್ಬೇಕು, ನಾನು ಸಾಯ್ನಿಲ್ಲ ಅಂತ ವಸಿ ಒತ್ತು ನೋಡಿ ಆಮೇಕೆ ತಿನ್ನೋಳು." ನಮ್ಮತ್ತೆ "ಬುದ್ವಂತೆ ಬುಡು" ಅಂದ್ಲು. ಆಗ ನಾನು ಮೆತ್ತಗೆ ಕೇಳ್ದೆ, "ಆ ದುಂಡಕ್ಸರದೋನು?" ಇವ್ರು ಅಂದ್ರು, "ಅವ್ನೂ ಬೋರೇಗೌಡ್ನೇ. ಬರ್ಮಾದಲ್ಲಿ ನನ್ ಪಕ್ಕದಲ್ಲೇ ಪ್ರಾಣ ಬುಟ್ಟ. ಅವ್ನ ಸಾವನ್ನ ಇನ್ನೊಬ್ಬನ ಕೈಲಿ ಬರ್ಸಕ್ಕೆ ಮನಸ್ಸು ಬರ್ನಿಲ್ಲ. ಅದ್ಕೇ ಒಂದ್ ವರ್ಸ ಕಾಗ್ದಾನೇ ಆಕ್ನಿಲ್ಲ." ಮಳವಳ್ಳಿಗೆ ಓಗಿ ಬಂದ್ರು. ಇದ್ದೋನು ಅಪ್ಪ ಒಬ್ಬನೇ, ಅವನೂ ತೀರ್ಕಂಡಿದ್ದ. ಎಡೆ ಇಕ್ಕೋರು ಯಾರೂ ಇಲ್ಲ.

ಕಚೇರೀಲಿ ನಾನು ನಕ್ಕಿದ್ದು ನೆಪ್ಪಾಯ್ತು ಕಣ್ಲಾ. ಗೂಟದ ಮೇಲಿನ ಆ ಪಂಚೆ ತಂದು ನಾನೇ ಎಡೆಗಿಟ್ಟು, ಒಂದ್ ಎಲೆ ಜಾಸ್ತಿ ಆಕ್ದೆ. ನಮ್ಮತ್ತೆ ಬ್ಯಾಡ ಅನ್ನಿಲ್ಲ. ಅವತ್ತಿಂದ ವರ್ಸ ವರ್ಸ ನಿಮ್ತಾತ ಆ ಎಲೆ ಮುಂದೆ ನಿಂತು "ಬೋರೇಗೌಡ, ಬಾರಪ್ಪಾ, ಉಣ್ಣು" ಅಂತ ತನ್ನೆಸ್ರು ತಾನೇ ಕರೀತಿದ್ರು. ಈಗ ಅವ್ರ ಎಲೇನೂ ಪಕ್ಕದಲ್ಲೇ ಐತೆ. ಕರಿಯೋಳು ನಾನು. ಜನ ಆಡ್ಕಳ್ಳಿ, ನಾನು ಬಾಯ್ತುಂಬ ಕರೀತೀನಿ, ಒಂದೇ ಸಲ ಕರುದ್ರೆ ಇಬ್ರೂ ಬತ್ತಾರೆ. ನೀವೂ ಅಷ್ಟೇಯ, ಎಸ್ರು ಕೇಳ್ದ ಕಡೆ ನಾಚ್ಕಂಡು ನಿಲ್ಬ್ಯಾಡಿ, ಬಾಯ್ಬುಟ್ಟು ಯೇಳಿ. ಏಳು ಮ್ಯಾಕೆ, ಆ ಎಲೆ ಮೇಲೆ ನೀರು ಚಿಮ್ಕಿಸು, ವಡೆ ಅವ್ನಿಗೆ ಎಲ್ಡಿಕ್ಕು.