ಡಿಕ್ಕಿಯೊಳಗಿನ ವೈರು

ಇಲ್ಲ, ಸತ್ತಿಲ್ಲ. ಕೂತ್ಕೋ ಮೊದಲು. ಆ ಸ್ಟೂಲಿಗೆ ಗ್ರೀಸ್ ಮೆತ್ತಿದೆ, ಈ ಕಡೇದು ತಗೋ. ನಿನ್ನ ಗಂಡ ಬದುಕಿದ್ದಾನೆ ಪುಟ್ಟಿ. ಬಲಗೈಯ ನಾಲ್ಕು ಬೆರಳು ಹೋಯ್ತು, ಮಂಡಿಚಿಪ್ಪು ಒಡೆದಿದೆ, ಅಷ್ಟೇ... ಆಸ್ಪತ್ರೆಯಿಂದಾನೇ ಬಂದ್ಯಾ? ಹಾಗಾದ್ರೆ ನೋಡಿರ್ತೀಯ. ಅಣ್ಣನ ಬಾಯಿಂದಾನೇ ಕೇಳೋಕೆ ಬಂದಿದ್ದೀಯ. ಸರಿ, ಹೇಳ್ತೀನಿ.

ಅಲ್ಲಿ ನೋಡ್ಬೇಡ. ನೆಲ ಇನ್ನೂ ತೊಳೆದಿಲ್ಲ.

ನಿನ್ನೆ ಸಾಯಂಕಾಲ ಕಾರು ತಳ್ಳಿಸ್ಕೊಂಡು ಬಂದು ಬಿಟ್ಟ. ಭಾವ, ರಸ್ತೇಲಿ ಒಂದು ಗುಂಡಿ ಹಾರಿದ್ದೇ ತಡ, ಇಂಜಿನ್ ನಿಂತೋಯ್ತು ಅಂದ. ಯಾವತ್ತಿನ ಹಾಗೇ ನನ್ನ ಹೆಗಲ ಮೇಲೆ ಕೈ ಹಾಕ್ಕೊಂಡು. ಬೆಳಿಗ್ಗೆ ಬಂದು ಬಾನೆಟ್ ಎತ್ತಿದೆ. ಬ್ಯಾಟರಿ ಚೆನ್ನಾಗಿತ್ತು. ಸೆಲ್ಫ್ ಹೊಡೆದ್ರೆ ಇಂಜಿನ್ ಗಿರ್ರನೆ ತಿರುಗತ್ತೆ, ಹತ್ಕೊಳ್ಳಲ್ಲ. ಪ್ಲಗ್ ಬಿಚ್ಚಿದೆ, ಕಿಡಿ ಬರ್ತಿತ್ತು. ಅಂದ್ರೆ ಪೆಟ್ರೋಲ್ ಬರ್ತಿಲ್ಲ. ಪಂಪಿನ ಫ್ಯೂಸ್ ಸುಟ್ಟೋಗಿತ್ತು. ಹೊಸದು ಹಾಕಿದೆ, ಸ್ಟಾರ್ಟ್ ಆಯ್ತು. ಹಿಂದುಗಡೆ ಬಂಪರ್ ಹಿಡಿದು ಕಾರನ್ನ ಅಲ್ಲಾಡಿಸಿದೆ... ಟಪ್ ಅಂತ ಅದೂ ಹೋಯ್ತು. ಎಲ್ಲೋ ವೈರಿನ ಸಿಪ್ಪೆ ಹರಿದು ಬಾಡಿಗೆ ತಾಗ್ತಿದೆ, ಅಷ್ಟು ಗೊತ್ತಾಯ್ತು. ಪಂಪಿನ ವೈರು ಹಿಂದಿನ ಸೀಟಿನ ಪಕ್ಕದಲ್ಲಿ, ಹಿಂದಿನ ದೀಪದ ವೈರುಗಳ ಜೊತೆ ಒಂದೇ ಕಟ್ಟಲ್ಲಿ ಹೋಗತ್ತೆ. ಅದನ್ನೇ ಹಿಡ್ಕೊಂಡು ಹೋದೆ. ಡಿಕ್ಕಿಗೆ ಹೋಯ್ತು.

ಯಾಕೆ ಕೈ ಮುಚ್ಕೊಳ್ತೀಯ? ಮುಚ್ಕೋಬೇಡ. ನಾನು ನೋಡಿ ಆಯ್ತು.

ಒಳಗಿನ ಹೊದಿಕೆ ಕಿತ್ತೆ. ವೈರಿನ ಕಟ್ಟು ಕ್ಲಿಪ್ಪುಗಳಿಂದ ಬಿಟ್ಕೊಂಡು ನೇತಾಡ್ತಿತ್ತು. ಇಲಿ ಅನ್ಕೊಂಡೆ. ಆದ್ರೆ ಇಲಿ ಕಡಿದ್ರೆ ಹಲ್ಲಿನ ಗುರುತು ಇರತ್ತೆ ಕಣೆ, ತುದಿ ಚೂಪಾಗಿರತ್ತೆ. ಇದು ಎಳೆದದ್ದು. ಯಾರೋ ಜೀವ ಕೈಯಲ್ಲಿ ಹಿಡ್ಕೊಂಡು ಎಳೆದದ್ದು. ಟಾರ್ಚ್ ಮೇಲೆತ್ತಿದೆ. ಮುಚ್ಚಳದ ಒಳಗಡೆ, ಬೀಗದ ಸುತ್ತ, ಬಣ್ಣ ಕೆರೆದೋಗಿತ್ತು. ಐದೈದು ಗೆರೆ. ಒಣಗಿದ ರಕ್ತ. ಒಂದು ಸಂದೀಲಿ ಅರ್ಧ ಉಗುರು ಸಿಕ್ಕೊಂಡಿತ್ತು.

ನಾನು ಏನು ಮಾಡ್ದೆ ಗೊತ್ತಾ? ಒಳಗೆ ಹತ್ತಿ ಮಲಗಿದೆ. ಮಂಡಿ ಎದೆಗೆ ಬಂತು. ಕೈ ಚಾಚಿದೆ. ಸರಿಯಾಗಿ ಆ ಗೆರೆಗಳ ಮೇಲೇ ಹೋಯ್ತು ಬೆರಳು. ಹೋದ ತಿಂಗಳು ನೀನು ಬೆರಳಿಗೆಲ್ಲ ಬ್ಯಾಂಡೇಜ್ ಸುತ್ಕೊಂಡಿದ್ಯಲ್ಲ, ಬಾಗಿಲ ಸಂದಿಗೆ ಸಿಕ್ಕಿತ್ತು ಅಂದ್ಯಲ್ಲ... ನಾನು ನಂಬಿದ್ದೆ. ಜಾಗ್ರತೆ ಅಂತ ಬೈದಿದ್ದೆ ಬೇರೆ.

ಹನ್ನೊಂದಕ್ಕೆ ಬಂದ. ಡಿಕ್ಕಿ ತೆಗೆದಿತ್ತು. ಇದೇನು ಅಂತ ಕೇಳ್ದೆ. ಗಟ್ಟಿಯಾಗಿ ಕೂಡ ಕೇಳ್ಲಿಲ್ಲ. ಅವನು ಬಗ್ಗಿ ನೋಡ್ದ. ಆಮೇಲೆ, "ಎರಡೇ ಗಂಟೆ ಭಾವ. ರಸ್ತೇಲಿ ಕಿರುಚ್ತಿದ್ಲು, ಜನ ನೋಡ್ತಿದ್ರು. ಅದರೊಳಗೆ ಗಾಳಿ ಆಡತ್ತೆ," ಅಂದ.

ಗಾಳಿ ಆಡತ್ತಂತೆ.

ಚಕ್ರ ಬಿಚ್ಚೋ ವೀಲ್ ಪಾನಾ ಕೈಯಲ್ಲೇ ಇತ್ತು. ಮಂಡಿಗೆ ಹೊಡೆದೆ. ಹಸಿ ಕಟ್ಟಿಗೆ ಮುರಿದ ಹಾಗೆ ಸದ್ದು ಬಂತು. ಕೆಳಗೆ ಬಿದ್ದ, ಹೊಟ್ಟೆಗೆ ಒದ್ದೆ, ಕಾಲರ್ ಹಿಡಿದು ಎಳ್ಕೊಂಡು ಹೋಗಿ ಆ ಡಿಕ್ಕಿಯೊಳಗೇ ಮುಖ ತುರುಕಿದೆ. ಮೂಸು, ಮೂಸಿ ನೋಡು ಗಾಳಿ ಹೇಗಿದೆ ಅಂತ ಅಂದೆ. ಅಳ್ತಿದ್ದ. ಅಲ್ಲಿಗೇ ನಿಲ್ಲಿಸ್ತಿದ್ದೆ ಪುಟ್ಟಿ, ನಿನ್ನಾಣೆ ನಿಲ್ಲಿಸ್ತಿದ್ದೆ. ಅವನು ಏನೋ ಅಂದ. ತಲೆ ಕೆಟ್ಟೋಯ್ತು. ಅವನ ಕೈ ಅಂಚಿನ ಮೇಲಿತ್ತು, ಮುಚ್ಚಳ ಜಗ್ಗಿ ಬಡಿದೆ. ಒಂದ್ಸಲ ಅಲ್ಲ. ಎಷ್ಟು ಸಲ ಅಂತ ಪಕ್ಕದ ವೆಲ್ಡರನ್ನೇ ಕೇಳು, ಅವನೇ ನನ್ನ ಸೊಂಟ ತಬ್ಬಿ ಹಿಂದಕ್ಕೆ ಎಳೆದಿದ್ದು. ಆಂಬ್ಯುಲೆನ್ಸಿಗೆ ಫೋನ್ ಮಾಡಿದ್ದೂ ಅವನೇ.

ಪೊಲೀಸ್‌ನೋರು ಬರ್ತಾರೆ. ಬರ್ಲಿ. ಡಿಕ್ಕಿ ಒರೆಸಿಲ್ಲ, ವೈರು ಹಾಗೇ ಇದೆ, ಉಗುರು ಅಲ್ಲೇ ಇದೆ. ಅವರಿಗೆ ತೋರಿಸು. ನಾನು ಒಳಗೆ ಹೋದ್ರೂ ಪರವಾಗಿಲ್ಲ, ನೀನು ಮಾತ್ರ ಆ ಮನೆಗೆ...

ಏನು? ಯಾಕೆ ಹಾಗೆ ನೋಡ್ತೀಯ?

ಅವನು ಏನೋ ಅಂದ ಅಂದೆನಲ್ಲ, ಅದು ಬಿಡು. ಹೊಲಸು ಮಾತು. ನಿನ್ನ ಮುಂದೆ ಹೇಳೋ ಅಂಥದ್ದಲ್ಲ.

ನೀರು ಕುಡಿತೀಯಾ? ...ಪುಟ್ಟಿ, ಏನಾದ್ರೂ ಮಾತಾಡು. ಬೈಯೋದಾದ್ರೂ ಬೈ.

...ಅವನೇ ಹೇಳಿದ್ನಾ? ಆಸ್ಪತ್ರೇಲಿ?

ಹೂಂ.

ಹೋದ ತಿಂಗಳು ನೀನು ಅವನ ಮನೆ ಬಿಟ್ಟು ಬಂದು ಟೈಲರಮ್ಮನ ಮಹಡಿ ರೂಮಲ್ಲಿರೋದು ಗೊತ್ತಿದ್ದಿದ್ದು ಅವಳಿಗೆ, ನನಗೆ, ಇಬ್ಬರಿಗೇ. ಅವನು ಅಲ್ಲಿಗೇ ಬಂದು ಎಳ್ಕೊಂಡು ಹೋದ. ಅವಳೇ ಬಾಯಿ ಬಿಟ್ಟಿದ್ದು ಅಂತ ನೀನು ಅವಳ ಹತ್ರ ಮಾತೇ ನಿಲ್ಲಿಸಿದೆ. ಅವಳು ನನ್ನ ಹತ್ರ ಬಂದು ಅತ್ತಳು, ನಾನಲ್ಲಪ್ಪ ಅಂತ. ನಾನು ತಲೆ ತಗ್ಗಿಸಿ ಪ್ಲಗ್ಗಿನ ಕಾರ್ಬನ್ ಉಜ್ತಾ ಕೂತಿದ್ದೆ.

ಇಲ್ಲಿಗೇ ಬಂದಿದ್ದ ಅವನು. ನನ್ನ ಕಾಲು ಹಿಡ್ಕೊಂಡ. ಅವಳಿಲ್ಲದೆ ಊಟ ಸೇರ್ತಿಲ್ಲ, ಇನ್ಮೇಲೆ ಕೈ ಎತ್ತಲ್ಲ ಅಂದ. ಗಂಡಸು ಅಳ್ತಿದ್ದಾನೆ, ಸಂಸಾರ ಉಳೀಲಿ ಅನ್ಕೊಂಡೆ. ಟೀ ತರಿಸಿ ಕೊಟ್ಟೆ. ಆಮೇಲೆ ವಿಳಾಸ ಬರೆದು ಕೊಟ್ಟೆ. ನನ್ನ ಕೈಯಲ್ಲೇ.

ಇವತ್ತು ಆ ಡಿಕ್ಕಿಯೊಳಗಿಂದ ಮುಖ ತಿರುಗಿಸಿ ಅದನ್ನೇ ಅಂದ. "ಅವಳನ್ನ ಹಿಡಿದು ಕೊಟ್ಟಿದ್ದು ನೀವೇ ಅಲ್ವಾ ಭಾವ?" ಅಂತ. ಅವನ ಬಾಯಿ ಮುಚ್ಚಿಸ್ಬೇಕಿತ್ತು ನನಗೆ. ನಿನಗೋಸ್ಕರ ಹೊಡೆದಿದ್ದು ಮಂಡಿಗೆ ಮಾತ್ರ. ಬೆರಳು ಮುರಿದಿದ್ದು ನನಗೋಸ್ಕರ.

ಎದ್ಯಾ... ಎಲ್ಲಿಗೆ? ಟೈಲರಮ್ಮನ ಹತ್ರಾನಾ? ಇರು, ನಾನು ಬಿಟ್ಟು ಬರ್ತೀನಿ.

ಬೇಡ್ವಾ. ಸರಿ, ಬೇಡ.

ಪುಟ್ಟಿ, ಎಲ್ಲಾದ್ರೂ ರೂಮು ಮಾಡ್ಕೊಂಡ್ರೆ... ಎಲ್ಲಿ ಅಂತ ನನಗೆ ಹೇಳ್ಬೇಡ.